ಶಾಲಾ ಸಮಿತಿಯಲ್ಲಿ, ವಾರ್ಡ್ ಸಮಿತಿಯಲ್ಲಿ ಯಾರು ಕೂರುತ್ತಾರೆ?

ನನ್ನ ಮಗಳು ಓದುತ್ತಿದ್ದ ಸರ್ಕಾರಿ ಶಾಲೆಯ ನೋಟಿಸ್ ಬೋರ್ಡಿಗೆ ಒಂದು ಚೀಟಿ ಅಂಟಿಸಿದ್ದರು. ಬುಧವಾರ ಬೆಳಿಗ್ಗೆ 11 ಗಂಟೆಗೆ ಎಸ್‌ಡಿಎಂಸಿ, ಅಂದರೆ ಶಾಲಾ ಸಮಿತಿಯ ಸಭೆ. ರಾಗಿ ಕೊಯ್ಲಿನ ದಿನಗಳು. ನಾನೂ ಸದಸ್ಯೆ, ಹೋದೆ. ನನ್ನನ್ನು ಬಿಟ್ಟರೆ ಬಂದಿದ್ದವರು ನಾಲ್ಕು ಜನ ಗಂಡಸರು. ಒಬ್ಬರಿಗೆ ಅಂಗಡಿ, ಒಬ್ಬರಿಗೆ ಸ್ವಂತ ಟ್ರ್ಯಾಕ್ಟರ್, ಇನ್ನಿಬ್ಬರು ತೋಟದವರು. ಉಳಿದ ಹೆಂಗಸರೆಲ್ಲ ಹೊಲದಲ್ಲಿದ್ದರು. ಅರ್ಧ ಗಂಟೆಯಲ್ಲಿ ಸಭೆ ಮುಗಿಯಿತು. ಧ್ವಜಕಟ್ಟೆಗೆ ಟೈಲ್ಸ್ ಹಾಕಿಸುವುದು ಅಂತ ತೀರ್ಮಾನವಾಯಿತು.

ಆಮೇಲೆ ಕೋರಂ, ಅಂದರೆ ಸಭೆಗೆ ಬೇಕಾದ ಕನಿಷ್ಠ ಹಾಜರಿ, ತೋರಿಸಬೇಕಲ್ಲ, ನಡಾವಳಿ ಪುಸ್ತಕ ಸಹಿಗಾಗಿ ಮನೆ ಮನೆಗೆ ಹೊರಟಿತು. ಒಂದು ಮನೆಗೆ ನಾನೇ ತೆಗೆದುಕೊಂಡು ಹೋದೆ. ಆಕೆ ಆಗತಾನೆ ಹೊಲದಿಂದ ಬಂದು ಕೈಕಾಲು ತೊಳೆಯುತ್ತಿದ್ದರು. ಪುಸ್ತಕ ನೋಡಿ, "ಹೆಣ್ಣುಮಕ್ಕಳ ಕಕ್ಕಸಿಗೆ ಒಳಗಡೆ ಚಿಲಕ ಇಲ್ಲ. ಅದರ ಮಾತು ಬಂತಾ ಅಕ್ಕಾ?" ಅಂದರು. ಬಂದಿರಲಿಲ್ಲ. ಆ ಕೋಣೆಯಲ್ಲಿ ಕೂತಿದ್ದ ನಾಲ್ಕು ಗಂಡಸರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ನಮ್ಮ ಮನೆ ಶಾಲೆಯ ಪಕ್ಕದಲ್ಲೇ ಇತ್ತು. ನನ್ನ ಮಗಳು ಬೇಕಾದಾಗ ಮನೆಗೆ ಓಡಿ ಬರುತ್ತಿದ್ದಳು. ಆಕೆಯ ಮಗಳು ಎರಡು ಕಿಲೋಮೀಟರ್ ದೂರದಿಂದ ಬರುತ್ತಿದ್ದಳು. ಇಡೀ ದಿನ ನೀರು ಕುಡಿಯದೆ ಕೂರುತ್ತಿದ್ದಳಂತೆ.

ಆಕೆ ಸಹಿ ಹಾಕಿಕೊಟ್ಟರು. ಪುಸ್ತಕದ ಪ್ರಕಾರ ಅವತ್ತಿನ ಸಭೆಯಲ್ಲಿ ಹೆಂಗಸರಿದ್ದರು, ದಲಿತರಿದ್ದರು, ಕೂಲಿಯವರಿದ್ದರು. ಕಾಗದದ ಮೇಲೆ ಎಲ್ಲ ಸರಿಯಾಗಿತ್ತು.

ಸಮಿತಿಗಳಲ್ಲಿ ಎಲ್ಲ ಜನಕ್ಕೂ ಜಾಗ ಇರಬೇಕು ಅಂತ ಯಾರನ್ನು ಕೇಳಿದರೂ ಹೌದು ಅನ್ನುತ್ತಾರೆ. ಕಾನೂನೂ ಅದನ್ನೇ ಹೇಳುತ್ತದೆ. ಹಾಗಿದ್ದರೂ ಊರೂರಿನ ಸಮಿತಿಗಳಲ್ಲಿ ಅದೇ ನಾಲ್ಕು ಜನ ಯಾಕೆ ಮಾತಾಡುತ್ತಾರೆ? ಕೆಲವು ವರ್ಷ ಇಂಥ ಸಭೆಗಳಲ್ಲಿ ಕೂತ ಮೇಲೆ ನನಗೆ ಅರ್ಥವಾದದ್ದು ಇಷ್ಟು: ಸಮಿತಿಯಲ್ಲಿ ಯಾರ ಮಾತು ನಡೆಯುತ್ತದೆ ಅನ್ನುವುದು ಮೀಸಲು ಸ್ಥಾನಗಳನ್ನು ಎಣಿಸುವಾಗ ತೀರ್ಮಾನವಾಗುವುದಿಲ್ಲ. ಚೀಟಿ ಎಲ್ಲಿ ಅಂಟಿಸಿದರು, ಸಭೆ ಎಷ್ಟು ಗಂಟೆಗೆ ಇಟ್ಟರು, ಯಾವ ಭಾಷೆಯಲ್ಲಿ ಮಾತಾಡಿದರು ಅನ್ನುವಲ್ಲಿ ತೀರ್ಮಾನವಾಗುತ್ತದೆ. ಕಾನೂನಿನಿಂದಲೇ ಶುರುಮಾಡೋಣ. ಅದು ಚೆನ್ನಾಗಿದೆ, ಆದರೆ ಜಾಸ್ತಿ ಜನಕ್ಕೆ ಗೊತ್ತಿಲ್ಲ.

ಕಾನೂನಿನ ಲೆಕ್ಕ

ಎಸ್‌ಡಿಎಂಸಿ ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಕರ್ನಾಟಕದಲ್ಲಿ ಇದು ಬಂದದ್ದು 2001ರಲ್ಲಿ. ವಿಜ್ಞಾನಿ ರಾಜಾ ರಾಮಣ್ಣ ಅವರ ನೇತೃತ್ವದ ಶಿಕ್ಷಣ ಕಾರ್ಯಪಡೆ ಕೊಟ್ಟ ಸಲಹೆಯ ಮೇಲೆ ಸರ್ಕಾರ ಆದೇಶ ಹೊರಡಿಸಿತು. ಶಾಲೆಯನ್ನು ನೋಡಿಕೊಳ್ಳುವ ಸಮಿತಿಯಲ್ಲಿ ಆ ಶಾಲೆಯಲ್ಲಿ ಓದುವ ಮಕ್ಕಳ ಅಪ್ಪ ಅಮ್ಮಂದಿರೇ ಇರಬೇಕು ಅನ್ನುವುದು ಇದರ ತಿರುಳು. ಊರಿನ ದೊಡ್ಡವರು, ತಮ್ಮ ಮಕ್ಕಳನ್ನು ಪಟ್ಟಣದ ಕಾನ್ವೆಂಟಿಗೆ ಕಳಿಸುವವರು, ಸರ್ಕಾರಿ ಶಾಲೆಯ ಬಗ್ಗೆ ತೀರ್ಮಾನ ಮಾಡುವುದು ನಿಲ್ಲಲಿ ಅಂತ.

ಆಮೇಲೆ ಶಿಕ್ಷಣ ಹಕ್ಕು ಕಾಯ್ದೆ ಬಂತು. 2009ರಲ್ಲಿ ಸಂಸತ್ತಿನಲ್ಲಿ ಪಾಸಾಯಿತು, 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ 21ನೇ ಸೆಕ್ಷನ್ ಶಾಲಾ ಸಮಿತಿಯ ಬಗ್ಗೆ ಮೂರು ಮಾತು ಹೇಳುತ್ತದೆ. ಸದಸ್ಯರಲ್ಲಿ ಮುಕ್ಕಾಲು ಪಾಲಾದರೂ ಪೋಷಕರಿರಬೇಕು. ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರಿರಬೇಕು. ಅವಕಾಶ ವಂಚಿತ ಗುಂಪು ಮತ್ತು ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ತಕ್ಕ ಪ್ರಮಾಣದಲ್ಲಿ ಸ್ಥಾನ ಇರಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗದ ಮಕ್ಕಳು ಈ ಮೂರನೆಯದರಲ್ಲಿ ಬರುತ್ತಾರೆ. 2012ರ ತಿದ್ದುಪಡಿಯ ನಂತರ ಅಂಗವಿಕಲ ಮಕ್ಕಳೂ ಬರುತ್ತಾರೆ.

ಒಂದು ಉದಾಹರಣೆ ತೆಗೆದುಕೊಂಡರೆ ಸಲೀಸಾಗುತ್ತದೆ. ಒಂದು ಶಾಲೆಯಲ್ಲಿ 120 ಮಕ್ಕಳು, ಸಮಿತಿಯಲ್ಲಿ 16 ಸದಸ್ಯರು ಅಂದುಕೊಳ್ಳಿ. 16ರ ಮುಕ್ಕಾಲು 12. ಅಂದರೆ 12 ಜನ ಪೋಷಕರು. ಹತ್ತು ಮಕ್ಕಳಿಗೆ ಒಂದು ಪೋಷಕ ಸ್ಥಾನ ಬಂದ ಹಾಗಾಯಿತು. ಶಾಲೆಯಲ್ಲಿ 40 ದಲಿತ ಮಕ್ಕಳಿದ್ದರೆ ಅವರ ಪೋಷಕರಿಗೆ 4 ಸ್ಥಾನ. ಇನ್ನು 16ರ ಅರ್ಧ 8, ಆದ್ದರಿಂದ ಎಂಟು ಜನ ಹೆಂಗಸರು.

ಈಗ ಒಂದು ಸೂಕ್ಷ್ಮ ನೋಡಿ. ಆ 4 ದಲಿತ ಸ್ಥಾನಕ್ಕೆ ನಾಲ್ವರೂ ಗಂಡಸರು ಬಂದರು, ಎಂಟು ಹೆಂಗಸರೂ ಊರಿನ ಬಲಿಷ್ಠ ಜಾತಿಯ ಮನೆಗಳಿಂದಲೇ ಬಂದರು ಅಂದುಕೊಳ್ಳಿ. ಲೆಕ್ಕ ಸರಿಯಾಗಿದೆ. ಆದರೆ ಸಮಿತಿಯಲ್ಲಿ ಒಬ್ಬ ದಲಿತ ತಾಯಿಯೂ ಇಲ್ಲ. ಇದಕ್ಕೆ ಉಲ್ಟಾ ಕೂಡ ಆಗುತ್ತದೆ. ಒಬ್ಬ ದಲಿತ ಹೆಣ್ಣುಮಗಳನ್ನು ಹೆಂಗಸರ ಲೆಕ್ಕಕ್ಕೂ ಹಾಕಿ, ದಲಿತರ ಲೆಕ್ಕಕ್ಕೂ ಹಾಕಿ, ಆಕೆಯೊಬ್ಬಳ ಹೆಗಲ ಮೇಲೆ ಎಲ್ಲರ ಪರವಾಗಿ ಮಾತಾಡುವ ಭಾರ ಹೊರಿಸುವುದು. ಸಂಖ್ಯೆ ಬೇಕೇ ಬೇಕು, ನಾನು ಅದರ ವಿರುದ್ಧ ಹೇಳುತ್ತಿಲ್ಲ. ಆದರೆ ಶಾಲೆಯ ಹಾಜರಿ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಯಾವ ಕೇರಿಯ, ಯಾವ ತಾಂಡಾದ ಮಕ್ಕಳು ಎಷ್ಟಿದ್ದಾರೆ, ಅವರ ಮನೆಯಿಂದ ಯಾರು ಬಂದಿದ್ದಾರೆ ಅಂತ ಕೂತು ನೋಡಿದರೆ ಮಾತ್ರ ಸಂಖ್ಯೆಗೆ ಅರ್ಥ ಬರುತ್ತದೆ. ಅದಕ್ಕೆ ಅರ್ಧ ಗಂಟೆ ಸಾಕು.

ಉಳಿದ ಕಾಲು ಪಾಲು ಸ್ಥಾನಗಳ ಬಗ್ಗೆ ಕೇಂದ್ರದ ಮಾದರಿ ನಿಯಮಗಳಲ್ಲಿ ಒಂದು ಒಳ್ಳೆಯ ಮಾತಿದೆ. ಸ್ಥಳೀಯ ಸಂಸ್ಥೆಯ ಚುನಾಯಿತ ಸದಸ್ಯರು, ಶಿಕ್ಷಕರು, ಇವರ ಜೊತೆಗೆ ಸ್ಥಳೀಯ ಶಿಕ್ಷಣ ತಜ್ಞರು ಅಥವಾ ಶಾಲೆಯ ಮಕ್ಕಳೇ ಇರಬಹುದು. ಶಾಲೆಯ ಸಮಿತಿಯಲ್ಲಿ ಮಗು! ಚಿಲಕ ಇಲ್ಲ ಅಂತ ಹೇಳಲು ಅದಕ್ಕಿಂತ ಸರಿಯಾದವರು ಯಾರಿದ್ದಾರೆ? ನಮ್ಮಲ್ಲಿ ಗ್ರಾಮ ಪಂಚಾಯಿತಿಗಳು ನಡೆಸುವ ಮಕ್ಕಳ ಗ್ರಾಮಸಭೆಗೆ ಹೋಗಿ ನೋಡಿ. ನೀರು, ಬಸ್ಸು, ಶೌಚಾಲಯ, ಶಾಲೆ ಹತ್ತಿರದ ಮದ್ಯದಂಗಡಿ, ಇವನ್ನೆಲ್ಲ ಮಕ್ಕಳು ನೇರವಾಗಿ ಕೇಳುತ್ತಾರೆ.

ಅನುದಾನರಹಿತ ಖಾಸಗಿ ಶಾಲೆಗಳಿಗೆ 21ನೇ ಸೆಕ್ಷನ್ ಅನ್ವಯಿಸುವುದಿಲ್ಲ. ಅನುದಾನಿತ ಶಾಲೆಗಳಲ್ಲಿ ಸಮಿತಿ ಸಲಹೆ ಕೊಡಬಹುದು, ಅಷ್ಟೇ. ಹಾಗಾಗಿ ಈ ಕಾನೂನಿನ ನಿಜವಾದ ಬಲ ಇರುವುದು ಸರ್ಕಾರಿ ಶಾಲೆಗಳಲ್ಲೇ. ಶಾಲೆಯ ಕೆಲಸದ ಮೇಲೆ ಕಣ್ಣಿಡುವುದು, ಅಭಿವೃದ್ಧಿ ಯೋಜನೆ ಮಾಡುವುದು, ಬಂದ ಅನುದಾನ ಹೇಗೆ ಖರ್ಚಾಯಿತು ಅಂತ ನೋಡುವುದು, ಇವು ಸಮಿತಿಯ ಕೆಲಸ. ಸಣ್ಣ ಅಧಿಕಾರವೇನೂ ಅಲ್ಲ.

ತಾನು ಸದಸ್ಯ ಅಂತಲೇ ಗೊತ್ತಿಲ್ಲದ ಸದಸ್ಯ

ಕೆಲವು ವರ್ಷಗಳ ಹಿಂದೆ ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ ಅರ್ಥಶಾಸ್ತ್ರಜ್ಞರು 280 ಹಳ್ಳಿಗಳಲ್ಲಿ ಒಂದು ಅಧ್ಯಯನ ಮಾಡಿದರು. ಅಲ್ಲಿ ಪ್ರತಿ ಹಳ್ಳಿಗೂ ಗ್ರಾಮ ಶಿಕ್ಷಣ ಸಮಿತಿ ಇತ್ತು. ಹತ್ತು ಮನೆಯಲ್ಲಿ ಒಂಬತ್ತು ಮನೆಯವರಿಗೆ ಅಂಥದ್ದೊಂದು ಸಮಿತಿ ಇದೆ ಅಂತಲೇ ಗೊತ್ತಿರಲಿಲ್ಲ. ಅದಕ್ಕಿಂತ ಬೇಸರದ ಸಂಗತಿ, ಸಮಿತಿಯ ಸದಸ್ಯರಲ್ಲೇ ಹೆಚ್ಚುಕಡಿಮೆ ಕಾಲು ಪಾಲು ಜನಕ್ಕೆ ತಾವು ಸದಸ್ಯರು ಅಂತ ಗೊತ್ತಿರಲಿಲ್ಲ. ಹೆಸರು ಬರೆದುಕೊಂಡು ಹೋಗಿದ್ದರು, ಮುಗಿಯಿತು.

ನಮ್ಮಲ್ಲೂ ಇದರ ಬೇರೆ ಬೇರೆ ರೂಪಗಳಿವೆ. ಹೆಂಡತಿ ಸದಸ್ಯೆ, ಸಭೆಗೆ ಬರುವುದು ಗಂಡ. ಊರಲ್ಲಿ "ಅಧ್ಯಕ್ಷರು ಬಂದರು" ಅಂದರೆ ಅಧ್ಯಕ್ಷೆಯ ಗಂಡ ಬಂದ ಅಂತ ಅರ್ಥ. ಇದರಲ್ಲಿ ಆ ಹೆಣ್ಣುಮಕ್ಕಳ ತಪ್ಪು ಹುಡುಕುವುದು ಸರಿಯಲ್ಲ. ಸಭೆ ಯಾವಾಗ ಅಂತ ಆಕೆಗೆ ಯಾರೂ ಹೇಳಿರುವುದಿಲ್ಲ, ಫೋನ್ ನಂಬರ್ ಗಂಡನದು ಇರುತ್ತದೆ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇರುವುದೂ ಅವನೇ.

ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ನಾನು ಇದರಿಂದಲೇ ಕೆಲಸ ಶುರುಮಾಡಿದೆ. ಸದಸ್ಯೆಯರ ಸ್ವಂತ ನಂಬರ್ ಬರೆದುಕೊಂಡೆ. ಫೋನ್ ಇಲ್ಲದವರಿಗೆ ಬಿಸಿಯೂಟದ ಅಡುಗೆಯವರ ಮೂಲಕ ಮಾತು ಮುಟ್ಟಿಸಿದೆ. ಓದು ಬಾರದವರಿಗೆ ಧ್ವನಿ ಸಂದೇಶ. ಎರಡು ಸಭೆಗಳಲ್ಲೇ ಬದಲಾವಣೆ ಕಾಣಿಸಿತು.

ಗಡಿಗೆಯಲ್ಲಿ ಯಾರ ಹೆಸರಿತ್ತು?

ಸದಸ್ಯರನ್ನು ಆರಿಸುವ ವಿಧಾನದ ಬಗ್ಗೆ ಮಾತಾಡುವಾಗ ನನಗೆ ಯಾವಾಗಲೂ ತಮಿಳುನಾಡಿನ ಉತ್ತಿರಮೇರೂರು ನೆನಪಾಗುತ್ತದೆ. ಕಾಂಚೀಪುರಂ ಜಿಲ್ಲೆಯ ಆ ಊರಿನ ದೇವಸ್ಥಾನದ ಗೋಡೆಯ ಮೇಲೆ ಹತ್ತನೇ ಶತಮಾನದ, ಚೋಳ ರಾಜ ಮೊದಲನೇ ಪರಾಂತಕನ ಕಾಲದ ಶಾಸನವಿದೆ. ಊರಿನ ಸಮಿತಿಗಳಿಗೆ ಸದಸ್ಯರನ್ನು ಹೇಗೆ ಆರಿಸಬೇಕು ಅಂತ ಅದರಲ್ಲಿ ಬರೆಸಿದ್ದಾರೆ. ಊರನ್ನು 30 ಭಾಗ ಮಾಡುವುದು. ಪ್ರತಿ ಭಾಗದಲ್ಲೂ ಅರ್ಹರ ಹೆಸರನ್ನು ಓಲೆಯ ಮೇಲೆ ಬರೆದು ಗಡಿಗೆಗೆ ಹಾಕುವುದು. ಏನೂ ಅರಿಯದ ಒಂದು ಚಿಕ್ಕ ಹುಡುಗನ ಕೈಯಲ್ಲಿ ಎತ್ತಿಸುವುದು. ಹಿಂದಿನ ಮೂರು ವರ್ಷದಲ್ಲಿ ಸಮಿತಿಯಲ್ಲಿದ್ದವರು ಮತ್ತೆ ಬರುವ ಹಾಗಿಲ್ಲ. ಲೆಕ್ಕ ಒಪ್ಪಿಸದವರು ಬರುವ ಹಾಗಿಲ್ಲ, ಅವರ ನೆಂಟರೂ ಬರುವ ಹಾಗಿಲ್ಲ.

ಎಷ್ಟು ಚೆನ್ನಾಗಿದೆ ಅಲ್ವಾ? ಸಾವಿರ ವರ್ಷದ ಹಿಂದೆಯೇ ಒಂದೇ ಗುಂಪು ಕುರ್ಚಿಗೆ ಅಂಟಿಕೊಳ್ಳಬಾರದು ಅಂತ ಯೋಚನೆ ಮಾಡಿದ್ದರು. ಆದರೆ ಗಡಿಗೆಗೆ ಯಾರ ಹೆಸರು ಹೋಗುತ್ತಿತ್ತು? ಸ್ವಂತ ಜಮೀನು ಇರಬೇಕು, ಸ್ವಂತ ಜಾಗದಲ್ಲಿ ಮನೆ ಇರಬೇಕು, ವೇದ ಓದಿರಬೇಕು, ವಯಸ್ಸು 35ರಿಂದ 70ರೊಳಗೆ ಇರಬೇಕು. ಹೆಂಗಸರು, ಜಮೀನಿಲ್ಲದವರು, ಬೇರೆ ಜಾತಿಯವರು ಯಾರೂ ಗಡಿಗೆಯ ಹತ್ತಿರವೂ ಬರುವಂತಿರಲಿಲ್ಲ.

ಚೀಟಿ ಎತ್ತುವ ಕೈ ಎಷ್ಟೇ ಶುದ್ಧವಾಗಿರಲಿ, ಗಡಿಗೆಯೊಳಗೆ ಒಂದೇ ಥರದ ಹೆಸರುಗಳಿದ್ದರೆ ಹೊರಗೆ ಬರುವುದೂ ಅದೇ ಹೆಸರು. ಇವತ್ತಿನ ಸಮಿತಿಗಳಲ್ಲೂ ಮುಖ್ಯ ಪ್ರಶ್ನೆ ಇದೇ ಅಂತ ನನಗನ್ನಿಸುತ್ತದೆ. ಆಯ್ಕೆ ಚುನಾವಣೆಯಿಂದಲೋ, ಕೈ ಎತ್ತಿಯೋ, ಲಾಟರಿಯಿಂದಲೋ ಅನ್ನುವುದು ಆಮೇಲಿನ ಮಾತು. ಮೊದಲು, ಹೆಸರು ಕೊಡಿ ಅಂತ ಯಾರ್‍ಯಾರ ಬಾಗಿಲಿಗೆ ಹೋದಿರಿ?

ಜನ ಬದಲಾದರೆ ಕೆಲಸ ಬದಲಾಗುತ್ತದಾ?

ಇದನ್ನು ಅನುಮಾನದಿಂದ ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಯಾರಿದ್ದರೇನು, ಕೆಲಸ ಆದರೆ ಸರಿ ಅಲ್ವಾ?

ಕರ್ನಾಟಕ ಇದಕ್ಕೆ ಬಹಳ ಮೊದಲೇ ಉತ್ತರ ಹುಡುಕಲು ಹೊರಟಿತ್ತು. 1983ರ ಪಂಚಾಯತ್ ಕಾನೂನಿನಲ್ಲಿ ಹೆಂಗಸರಿಗೆ ಶೇ 25 ಸ್ಥಾನ ಮೀಸಲಿಟ್ಟರು. 1987ರಲ್ಲಿ ಆ ಕಾನೂನಿನಡಿ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ ಚುನಾವಣೆ ನಡೆಯಿತು. ಸಾವಿರಾರು ಹೆಂಗಸರು ಮೊದಲ ಸಲ ಸದಸ್ಯರಾದರು. ಇದರ ಹಿಂದೆ ಇದ್ದವರು ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್. ಹಳ್ಳಿಹಳ್ಳಿಗೆ ಬೋರ್‌ವೆಲ್ ಹಾಕಿಸಿದ್ದಕ್ಕೆ ಜನ ಅವರನ್ನು ಪ್ರೀತಿಯಿಂದ ನೀರ್ ಸಾಬ್ ಅಂತ ಕರೆದರು. ಇಡೀ ದೇಶಕ್ಕೆ ಮೂರನೇ ಒಂದು ಭಾಗದ ಮೀಸಲಾತಿ ಬಂದದ್ದು ಸಂವಿಧಾನದ 73ನೇ ತಿದ್ದುಪಡಿಯ ನಂತರ, ಅಂದರೆ 1993ರಲ್ಲಿ.

ಆ ತಿದ್ದುಪಡಿಯ ಪರಿಣಾಮವನ್ನು ಅಳೆಯಲು ಒಂದು ಅನುಕೂಲ ಇತ್ತು. ಯಾವ ಪಂಚಾಯಿತಿಯ ಅಧ್ಯಕ್ಷ ಸ್ಥಾನ ಹೆಂಗಸರಿಗೆ ಮೀಸಲಾಗುತ್ತದೆ ಅನ್ನುವುದು ಸರದಿಯ ಮೇಲೆ ಬರುತ್ತಿತ್ತು. ಹಾಗಾಗಿ ಮೀಸಲಾದ ಊರನ್ನು ಮೀಸಲಾಗದ ಊರಿನ ಜೊತೆ ಹೋಲಿಸಬಹುದಿತ್ತು. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನ ಪಶ್ಚಿಮ ಬಂಗಾಳದ ಬೀರ್‌ಭೂಮ್ ಮತ್ತು ರಾಜಸ್ಥಾನದ ಉದಯಪುರ ಜಿಲ್ಲೆಗಳಲ್ಲಿ ಹೀಗೆ ಹೋಲಿಸಿತು. ಎರಡೂ ಕಡೆ ಹೆಂಗಸರು ಅಧ್ಯಕ್ಷರಾಗಿದ್ದ ಊರುಗಳಲ್ಲಿ ಕುಡಿಯುವ ನೀರಿಗೆ ಜಾಸ್ತಿ ಖರ್ಚಾಗಿತ್ತು. ನೀರು ತರುವವರು ಹೆಂಗಸರು, ದೂರು ಕೊಡುವವರೂ ಅವರೇ.

ಆದರೆ ರಸ್ತೆಯ ವಿಷಯ ನೋಡಿ. ಬಂಗಾಳದಲ್ಲಿ ಅಧ್ಯಕ್ಷೆಯರು ರಸ್ತೆಗೂ ಜಾಸ್ತಿ ಹಣ ಹಾಕಿದ್ದರು, ರಾಜಸ್ಥಾನದಲ್ಲಿ ಕಡಿಮೆ. ಯಾಕೆಂದರೆ ಬಂಗಾಳದ ಆ ಭಾಗದಲ್ಲಿ ಹೆಂಗಸರೂ ರಸ್ತೆ ಕೆಲಸಕ್ಕೆ ಕೂಲಿಗೆ ಹೋಗುತ್ತಿದ್ದರು. ರಾಜಸ್ಥಾನದಲ್ಲಿ ರಸ್ತೆ ಬೇಕಾಗಿದ್ದದ್ದು ಕೆಲಸಕ್ಕೆ ಹೊರಗೆ ಓಡಾಡುವ ಗಂಡಸರಿಗೆ. ಹೆಂಗಸರು ಅಂದರೆ ಎಲ್ಲರೂ ಒಂದೇ ಕೇಳುತ್ತಾರೆ ಅಂತಲ್ಲ. ಅವರವರ ದಿನ ಹೇಗೆ ಸಾಗುತ್ತದೋ ಅದನ್ನು ಅವರು ಕೋಣೆಯೊಳಕ್ಕೆ ತರುತ್ತಾರೆ. ನನ್ನ ಮಟ್ಟಿಗೆ ಪ್ರಾತಿನಿಧ್ಯ ಅಂದರೆ ಇದೇ.

ಇನ್ನೊಂದು ಅಧ್ಯಯನವನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. 2012ರಲ್ಲಿ ಬಂದದ್ದು, ಬಂಗಾಳದ 495 ಹಳ್ಳಿಗಳದ್ದು. ಎರಡು ಅವಧಿ ಹೆಂಗಸರಿಗೆ ಅಧ್ಯಕ್ಷ ಸ್ಥಾನ ಮೀಸಲಾಗಿದ್ದ ಊರುಗಳಲ್ಲಿ ಹದಿಹರೆಯದ ಹುಡುಗ ಹುಡುಗಿಯರ ಓದಿನ ನಡುವಿನ ಅಂತರ ಇಲ್ಲವಾಗಿತ್ತು. ಹುಡುಗಿಯರು ಮನೆಗೆಲಸಕ್ಕೆ ಕೊಡುವ ಸಮಯವೂ ಕಡಿಮೆಯಾಗಿತ್ತು. ತಮ್ಮ ಹಾಗೆ ಇರುವ ಒಬ್ಬರು ಸಭೆಯ ನಡುವೆ ಕೂತದ್ದನ್ನು ಆ ಮಕ್ಕಳು ವರ್ಷಗಟ್ಟಲೆ ನೋಡಿದ್ದರು. ಅಪ್ಪ ಅಮ್ಮಂದಿರೂ ನೋಡಿದ್ದರು.

ನಗರದಲ್ಲಿ ಲೆಕ್ಕ ಬೇರೆ

ಹಳ್ಳಿಯಲ್ಲಿ ಒಬ್ಬರಿಗೊಬ್ಬರ ಗುರುತಾದರೂ ಇರುತ್ತದೆ. ನಗರದಲ್ಲಿ ಪಕ್ಕದ ರಸ್ತೆಯವರೇ ಗೊತ್ತಿರುವುದಿಲ್ಲ. ಅಲ್ಲಿ ಜನರಿಗೆ ಹತ್ತಿರವಾದ ಸಮಿತಿ ಅಂದರೆ ವಾರ್ಡ್ ಸಮಿತಿ.

1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ, ಮೂರು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಲೇಬೇಕು ಅಂತ ಹೇಳಿತು. ಸಣ್ಣ ಪುರಸಭೆ, ಪಟ್ಟಣ ಪಂಚಾಯಿತಿಗಳಿಗೆ ಆ ಕಡ್ಡಾಯ ಇಲ್ಲ. ಅದಕ್ಕಿಂತ ಮುಖ್ಯ, ವಾರ್ಡಿನ ಪಾಲಿಕೆ ಸದಸ್ಯರನ್ನು ಬಿಟ್ಟರೆ ಸಮಿತಿಯಲ್ಲಿ ಇನ್ಯಾರಿರಬೇಕು ಅನ್ನುವುದನ್ನು ಸಂವಿಧಾನ ಹೇಳದೆ ರಾಜ್ಯಗಳಿಗೆ ಬಿಟ್ಟಿತು.

ರಾಜ್ಯದ ಪಾಲಿಕೆ ಕಾಯ್ದೆಗೆ 2011ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ ಬೆಂಗಳೂರಿನಲ್ಲಿ ಪ್ರತಿ ವಾರ್ಡಿಗೆ ಒಂದು ಸಮಿತಿ ಇರಬೇಕಿತ್ತು. ಕಾರ್ಪೊರೇಟರ್ ಅಧ್ಯಕ್ಷರು, ಜೊತೆಗೆ 10 ಜನ ನಾಮನಿರ್ದೇಶಿತ ಸದಸ್ಯರು. ಆ ಹತ್ತರಲ್ಲಿ ಮೂವರಾದರೂ ಹೆಂಗಸರು, ಇಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘಗಳವರು ಇರಬೇಕಿತ್ತು.

ಇಲ್ಲಿ ಎರಡು ತೊಡಕು. ಒಂದು, ನಾಮನಿರ್ದೇಶನ. ಹೆಸರು ಕೊಡುವವರು ತಮಗೆ ಗೊತ್ತಿರುವವರನ್ನೇ ಸೂಚಿಸುತ್ತಾರೆ. ಕೆಟ್ಟ ಉದ್ದೇಶ ಇರಬೇಕು ಅಂತೇನಿಲ್ಲ, ಮನುಷ್ಯರ ಸ್ವಭಾವವೇ ಹಾಗೆ. ಎರಡನೆಯದು ನಿವಾಸಿಗಳ ಸಂಘ. ಕೇಳಲು ಎಲ್ಲರನ್ನೂ ಒಳಗೊಂಡ ಹಾಗೆ ಕಾಣುತ್ತದೆ. ಆದರೆ ನಗರದಲ್ಲಿ ನೋಂದಾಯಿತ ಸಂಘ ಯಾರಿಗಿದೆ? ಲೇಔಟಿನ ಸೈಟು ಮಾಲೀಕರಿಗಿದೆ, ಅಪಾರ್ಟ್‌ಮೆಂಟ್ ಮಾಲೀಕರಿಗಿದೆ. ಬಾಡಿಗೆಯವರಿಗೆ? ಪಿಜಿಯಲ್ಲಿರುವ ಹುಡುಗ ಹುಡುಗಿಯರಿಗೆ? ಶೆಡ್ಡಿನಲ್ಲಿರುವ ಕಟ್ಟಡ ಕಾರ್ಮಿಕರಿಗೆ, ಮನೆಗೆಲಸದವರಿಗೆ? ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿ ಹತ್ತು ಹದಿನೈದು ವರ್ಷ ಬಾಳಿದವರು ಎಷ್ಟೋ ಜನ. ಅದೇ ಚರಂಡಿಯ ವಾಸನೆ, ಅದೇ ಫುಟ್‌ಪಾತಿನ ಗುಂಡಿ ಅವರಿಗೂ ಇದೆ. ಸಂಘದ ಬಾಗಿಲು ಮಾತ್ರ ಇಲ್ಲ. ಕಸದ ಬಗ್ಗೆ ಸಭೆ ನಡೆಯುತ್ತದೆ, ಆ ಕಸ ಎತ್ತುವ ಪೌರಕಾರ್ಮಿಕರು ಸಭೆಯಲ್ಲಿರುವುದಿಲ್ಲ. ಯಾವ ಮೂಲೆಯಲ್ಲಿ ದಿನಾ ಕಸ ಬೀಳುತ್ತದೆ, ಯಾಕೆ ಬೀಳುತ್ತದೆ ಅಂತ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ.

ಇದಕ್ಕಿಂತ ಚೆನ್ನಾಗಿ ಕಟ್ಟಿದ ಒಂದು ಸಮಿತಿ ನಮ್ಮ ಕಾನೂನಿನಲ್ಲೇ ಇದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಡಿ ಬರುವ ಪಟ್ಟಣ ವ್ಯಾಪಾರ ಸಮಿತಿ. ಗಾಡಿ ಎಲ್ಲಿ ನಿಲ್ಲಿಸಬಹುದು, ಎಲ್ಲಿ ಬೇಡ ಅಂತ ಮಾತಾಡುವ ಸಮಿತಿ ಇದು. ಇದರಲ್ಲಿ ಶೇ 40ಕ್ಕೆ ಕಡಿಮೆ ಇಲ್ಲದಷ್ಟು ಸದಸ್ಯರು ಬೀದಿ ವ್ಯಾಪಾರಿಗಳೇ ಇರಬೇಕು. ಅವರನ್ನು ವ್ಯಾಪಾರಿಗಳೇ ಚುನಾವಣೆ ಮಾಡಿ ಆರಿಸಬೇಕು. ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರು, ಅಂಗವಿಕಲರಿಗೂ ತಕ್ಕ ಜಾಗ ಕೊಡಬೇಕು.

ವ್ಯತ್ಯಾಸ ಗಮನಿಸಿ. ವಾರ್ಡ್ ಸಮಿತಿಯಲ್ಲಿ ಯಾರೋ ಒಬ್ಬರು ಹೂವಿನ ಅಕ್ಕನನ್ನು ಆರಿಸಿ ತಂದು ಕೂರಿಸಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಹೂವಿನ ಅಕ್ಕ ತನ್ನ ಜೊತೆಯವರ ಓಟು ತೆಗೆದುಕೊಂಡು ಬರುತ್ತಾರೆ. ಕರೆದು ಕೂರಿಸಿದವರಿಗೆ ಎದುರು ಮಾತಾಡುವುದು ಕಷ್ಟ. ಓಟು ಕೊಟ್ಟು ಕಳಿಸಿದವರು ಬೆನ್ನ ಹಿಂದಿದ್ದರೆ ಬಾಯಿ ಬರುತ್ತದೆ.

ಸಭೆ ಕರೆಯುವ ಮೊದಲು

ಎಷ್ಟು ಹೊತ್ತಿಗೆ ಅನ್ನುವುದು ಮೊದಲನೆಯದು. ಬುಧವಾರ ಬೆಳಿಗ್ಗೆ 11 ಅಂದರೆ ಕೂಲಿಯವರು ಬರುವುದಿಲ್ಲ ಅಂತ ನಾವೇ ಬರೆದುಕೊಟ್ಟ ಹಾಗೆ. 2024-25ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿ ಕೂಲಿ ದಿನಕ್ಕೆ ₹349 ಇತ್ತು. ಅಂಗಡಿಯವರು ಅರ್ಧ ಗಂಟೆ ಹುಡುಗನನ್ನು ಗಲ್ಲಾದಲ್ಲಿ ಕೂರಿಸಿ ಬರಬಹುದು. ಕೂಲಿಯವರು ಬಂದರೆ ಇಡೀ ದಿನದ ದುಡಿಮೆ ಹೋಯಿತು. ಒಂದೇ ಸಭೆ ಒಬ್ಬರಿಗೆ ಬಿಟ್ಟಿ, ಇನ್ನೊಬ್ಬರಿಗೆ ₹349. ಸಮಿತಿಗಳು ಹೋಗಿಬರುವ ಖರ್ಚಿಗೆ, ಕೂಲಿ ತಪ್ಪಿದ್ದಕ್ಕೆ ಏನಾದರೂ ಕೊಡುವ ವ್ಯವಸ್ಥೆ ಆಗಬೇಕು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಅದಾಗುವವರೆಗೆ ಹೊತ್ತನ್ನಾದರೂ ಬದಲಾಯಿಸಬಹುದು. ಸಂಜೆ ಆರಕ್ಕೆ ಇಟ್ಟರೆ ಅಡುಗೆಯ ಹೊತ್ತು, ಹೆಂಗಸರಿಗೆ ಆಗುವುದಿಲ್ಲ. ಸಂತೆಯ ದಿನ ಬೇಡ. ಯಾವಾಗ ಆಗುತ್ತದೆ ಅಂತ ಅವರನ್ನೇ ಕೇಳಬೇಕು. ನಮ್ಮ ಶಾಲೆಯಲ್ಲಿ ಕೇಳಿದಾಗ ಅಮಾವಾಸ್ಯೆ ಅಂದರು! ಅವತ್ತು ನಮ್ಮ ಕಡೆ ಹೊಲದ ಕೆಲಸಕ್ಕೆ ರಜೆ. ನನಗೆ ಯಾವತ್ತೂ ಹೊಳೆಯುತ್ತಿರಲಿಲ್ಲ.

ಜಾಗವೂ ಹಾಗೇ. ಊರಿನ ಸಭೆಗಳನ್ನು ದೇವಸ್ಥಾನದ ಜಗುಲಿಯಲ್ಲಿ, ದೊಡ್ಡ ಮನೆಯ ಪಡಸಾಲೆಯಲ್ಲಿ ಕರೆಯುವ ರೂಢಿ ಇನ್ನೂ ಇದೆ. ಆ ಮೆಟ್ಟಿಲು ಹತ್ತಲು ಯಾರ್‍ಯಾರು ಹಿಂಜರಿಯುತ್ತಾರೆ ಅಂತ ಊರಿಗೆಲ್ಲ ಗೊತ್ತು. ಸಭೆ ಶಾಲೆಯಲ್ಲೇ, ಅಂಗನವಾಡಿಯಲ್ಲೇ ಆಗಲಿ. ನೆಲದ ಮೇಲಾದರೆ ಎಲ್ಲರೂ ನೆಲದ ಮೇಲೆ, ಕುರ್ಚಿಯಾದರೆ ಎಲ್ಲರಿಗೂ ಕುರ್ಚಿ. ಕೆಲವರು ಕುರ್ಚಿಯಲ್ಲಿ, ಕೆಲವರು ಬಾಗಿಲ ಹತ್ತಿರ ನಿಂತುಕೊಂಡು ನಡೆಯುವ ಸಭೆಯಲ್ಲಿ ಬಾಗಿಲ ಹತ್ತಿರದವರು ಮಾತಾಡುವುದನ್ನು ನಾನು ನೋಡಿಲ್ಲ. ನಗರದಲ್ಲಿ ಎರಡನೇ ಮಹಡಿಯ ಕಚೇರಿಯಲ್ಲಿ, ಲಿಫ್ಟ್ ಇಲ್ಲದ ಕಡೆ ಸಭೆ ಇಟ್ಟರೆ ಗಾಲಿ ಕುರ್ಚಿಯವರು, ಮಂಡಿ ನೋವಿನ ಅಜ್ಜ ಅಜ್ಜಿಯರು ಕೆಳಗೇ ಉಳಿದರು.

ಭಾಷೆಯ ವಿಷಯವನ್ನು ಕನ್ನಡದವರಾದ ನಾವು ಸ್ವಲ್ಪ ಮನಸ್ಸಿಟ್ಟು ಯೋಚಿಸಬೇಕು. ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟ್ ಸಂಘಗಳ ಸಭೆ ಇಂಗ್ಲಿಷಿನಲ್ಲಿ ನಡೆಯುತ್ತದೆ. ಅದೇ ಅಭ್ಯಾಸ ವಾರ್ಡ್ ಸಭೆಗೂ ಬಂದರೆ ವಾರ್ಡಿನ ಹಳಬರೇ ಮೂಕರಾಗುತ್ತಾರೆ. ಸಭೆ ಕನ್ನಡದಲ್ಲಿ ನಡೆಯಬೇಕು. ಹಾಗೆಯೇ ತಾಂಡಾದ ಲಂಬಾಣಿ ತಾಯಿಗೆ, ಮನೆಯಲ್ಲಿ ಉರ್ದು ಆಡುವವರಿಗೆ, ಕರಾವಳಿಯ ತುಳು, ಕೊಂಕಣಿಯವರಿಗೆ, ಗಡಿಯ ತೆಲುಗು, ಮರಾಠಿಯವರಿಗೆ ಅವರ ಮಾತಿನಲ್ಲಿ ಹೇಳಿಕೊಳ್ಳಲು ಬಿಡಬೇಕು. ಪಕ್ಕದಲ್ಲಿ ಕೂತವರು ಕನ್ನಡಕ್ಕೆ ತಂದು ಹೇಳಿದರೆ ಆಯಿತು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಬಂದ ಮೇಲೆ ಮಾತು

ಜನ ಬಂದರು ಅಂದುಕೊಳ್ಳಿ. ಆದರೂ ಮಾತು ತಾನಾಗಿಯೇ ಬರುವುದಿಲ್ಲ. ತಮಿಳುನಾಡಿನ ಗ್ರಾಮಸಭೆಗಳಲ್ಲಿ ಆಡಿದ ಮಾತುಗಳನ್ನೆಲ್ಲ ಬರೆದುಕೊಂಡು ಮಾಡಿದ ಒಂದು ಅಧ್ಯಯನ 2019ರಲ್ಲಿ ಬಂತು. ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಬರುತ್ತಿದ್ದರು. ಆದರೆ ಅವರಿಗೆ ಮಾತಿನ ಅವಕಾಶ ಕಡಿಮೆ, ಅವರು ಎತ್ತಿದ ವಿಷಯ ಮುಂದುವರಿಯುವುದು ಕಡಿಮೆ, ಅಧಿಕಾರಿಗಳಿಂದ ಸರಿಯಾದ ಉತ್ತರ ಸಿಗುವುದೂ ಕಡಿಮೆ. ಅಧ್ಯಕ್ಷ ಸ್ಥಾನದಲ್ಲಿ ಹೆಂಗಸು ಇದ್ದ ಕಡೆ ಹೆಂಗಸರ ಪ್ರಶ್ನೆಗೆ ಉತ್ತರ ಸಿಗುವುದು ಹೆಚ್ಚಾಗಿತ್ತು. ಅಂದರೆ ಸದಸ್ಯ ಸ್ಥಾನಗಳನ್ನು ಎಣಿಸಿದರೆ ಸಾಲದು, ಸಭೆ ನಡೆಸುವವರು ಯಾರು ಅಂತಲೂ ನೋಡಬೇಕು.

ನಾವು ಮಾಡಿದ ಒಂದು ಸಣ್ಣ ಬದಲಾವಣೆ ಹೇಳುತ್ತೇನೆ. ವಿಷಯ ಮಂಡಿಸಿದ ಮೇಲೆ ಅಧ್ಯಕ್ಷರು, ಮೇಷ್ಟ್ರು ಮೊದಲು ಮಾತಾಡುವುದಿಲ್ಲ. ಬಾಗಿಲ ಕಡೆಯಿಂದ ಶುರುವಾಗಿ ಒಬ್ಬೊಬ್ಬರೂ ಒಂದು ಮಾತು ಹೇಳಬೇಕು. "ಏನಿಲ್ಲ" ಅಂದರೂ ಸರಿ. ಮೊದಲ ಎರಡು ಸಭೆಯಲ್ಲಿ ಮುಕ್ಕಾಲು ಜನ ಏನಿಲ್ಲ ಅಂದರು. ಮೂರನೇ ಸಭೆಯಲ್ಲಿ ಚಿಲಕದ ತಾಯಿ ಬಾಯಿ ಬಿಟ್ಟರು. ಮೇಷ್ಟ್ರು ಅವತ್ತು ಸಂಜೆಯೇ ಚಿಲಕ ತಂದರು, ಮಾರನೇ ದಿನ ಬಡಗಿ ಬಂದರು. ಆಕೆ ಅಷ್ಟಕ್ಕೇ ಸುಮ್ಮನಾಗಲಿಲ್ಲ. ನೀರಿನ ತೊಟ್ಟಿ, ಸೈಕಲ್ ನಿಲ್ಲಿಸುವ ಜಾಗ, ಮೊಟ್ಟೆ ಕೊಡುವ ದಿನ, ಒಂದೊಂದಾಗಿ ಕೇಳುತ್ತಾ ಹೋದರು. ಕೇಳಿದ್ದರಲ್ಲಿ ಕೆಲವು ಆದವು, ಕೆಲವು ಇನ್ನೂ ಆಗಿಲ್ಲ.

ಇನ್ನೊಂದು, ನಡಾವಳಿಯನ್ನು ಸಭೆಯ ಕೊನೆಗೆ ಗಟ್ಟಿಯಾಗಿ ಓದುವುದು, ಆಮೇಲೆ ಸಹಿ. ಯಾರು ಏನು ಕೇಳಿದರು, ಏನು ಉತ್ತರ ಬಂತು ಅಂತ ಎರಡೂ ಬರೆಯುವುದು. ಮುಂದಿನ ಸಭೆ ಹಿಂದಿನ ಪುಟದಿಂದಲೇ ಶುರುವಾಗುವುದು. ಇದರಿಂದ ಪುಸ್ತಕ ಮನೆ ಮನೆಗೆ ಹೋಗುವುದು ನಿಂತಿತು.

ಅವಧಿಯ ಬಗ್ಗೆಯೂ ಒಂದು ಮಾತು. ಮಾತಾಡಲು ಧೈರ್ಯ ಬರುವುದಕ್ಕೇ ಒಂದು ವರ್ಷ ಬೇಕು. ಅಷ್ಟರಲ್ಲಿ ಮೀಸಲಾತಿ ಬದಲಾಯಿತು ಅಂತ ಎಲ್ಲರನ್ನೂ ಒಟ್ಟಿಗೆ ಬದಲಾಯಿಸಿದರೆ ಮತ್ತೆ ಮೊದಲಿನಿಂದ ಶುರು. ಅರ್ಧ ಜನ ಈ ವರ್ಷ, ಅರ್ಧ ಜನ ಮುಂದಿನ ವರ್ಷ ಹೊಸಬರಾದರೆ ಹಳಬರು ಹೊಸಬರಿಗೆ ಹೇಳಿಕೊಡಬಹುದು. ಹಾಗಂತ ಹದಿನೈದು ವರ್ಷ ಒಬ್ಬರೇ ಅಧ್ಯಕ್ಷರಾಗಿರುವುದೂ ಬೇಡ. ಉತ್ತಿರಮೇರೂರಿನವರು ಆ ಒಂದು ವಿಷಯದಲ್ಲಿ ಸರಿಯಾಗಿದ್ದರು.

ಬೆಂಗಳೂರಿನಲ್ಲಿ ಚುನಾಯಿತ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ಐದು ವರ್ಷ ನಗರದಲ್ಲಿ ಪಾಲಿಕೆ ಚುನಾವಣೆಯೇ ನಡೆಯಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆ ಐದಾಯಿತು. ವಾರ್ಡುಗಳ ಗಡಿಯೂ ಬದಲಾಯಿತು. ಹಳೆಯ ಸಮಿತಿಗಳ ಜಾಗದಲ್ಲಿ ಹೊಸವು ಬರಬೇಕು. ನಿಮ್ಮ ವಾರ್ಡಿನಲ್ಲಿ ಹೆಸರು ಕೇಳುವ ದಿನ ಬಂದಾಗ ನಿಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕನಿಗೆ, ಬೀದಿ ಕೊನೆಯ ಇಸ್ತ್ರಿ ಅಂಗಡಿಯವರಿಗೆ, ಮೇಲಿನ ಮನೆಯ ಬಾಡಿಗೆಯವರಿಗೆ ವಿಷಯ ತಿಳಿಸಿ. ಅರ್ಜಿ ತುಂಬಲು ಬಾರದಿದ್ದರೆ ಜೊತೆಗೆ ಕೂತು ತುಂಬಿಕೊಡಿ. ಸಭೆ ಯಾವತ್ತು ಇಟ್ಟರೆ ಬರುತ್ತೀರಿ ಅಂತ ಅದೇ ಬಾಯಲ್ಲಿ ಕೇಳಿ ಬರೆದುಕೊಳ್ಳಿ.